ಅರೆನಿಗ್ ಪರ್ವತ ಮತ್ತು ಅದರ ಕೆಳಗಿನ ಕಣಿವೆ: ಒಂದು ಚಾರಿತ್ರಿಕ ಪರಿಶೀಲನೆ

ಉತ್ತರ ವೇಲ್ಸ್‌ನ ಎರರಿ ರಾಷ್ಟ್ರೀಯ ಉದ್ಯಾನಕ್ಕೆ ಬರುವ ಚಾರಣಿಗರಲ್ಲಿ ಬಹುಪಾಲು ಮಂದಿ 1,085 ಮೀಟರ್ ಎತ್ತರದ ಸ್ನೋಡನ್ ಶಿಖರವನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದೇ ಉದ್ಯಾನದೊಳಗೆ, ಬಾಲಾ ಪಟ್ಟಣದ ಪಶ್ಚಿಮಕ್ಕೆ, ಜೌಗು ಬಯಲಿನ ನಡುವೆ ಎದ್ದು ನಿಂತಿರುವ 854 ಮೀಟರಿನ ಅರೆನಿಗ್ ವೌರ್ ಕಡೆಗೆ ಹೊರಳುವವರು ಕಡಿಮೆ. ಅದರ ಉತ್ತರದಲ್ಲಿ ಟ್ರವೆರಿನ್ ನದಿಯ ಕಣಿವೆ, ಕಣಿವೆಯಾಚೆ ಕಿರಿಯ ಅರೆನಿಗ್ ವಾಖ್. ಈ ಪರ್ವತವನ್ನು ಹೊರಗಿನಿಂದ ಬಂದು ನೋಡಿದವರ ದಾಖಲೆಗಳು ಹೇರಳವಾಗಿವೆ. ಅವುಗಳಲ್ಲಿ ಕಣಿವೆಯ ಜನ ಮಾತ್ರ ಅಪರೂಪಕ್ಕೆ ಕಾಣಿಸುತ್ತಾರೆ. ಅರೆನಿಗ್‌ನ ಚರಿತ್ರೆಯನ್ನು ಶಿಖರದಿಂದಲ್ಲ, ಕಣಿವೆಯಿಂದ ಓದಬೇಕು ಎಂಬುದು ಈ ಲೇಖನದ ವಾದ.

1854ರಲ್ಲಿ ವೇಲ್ಸ್ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಸುತ್ತಿದ ಜಾರ್ಜ್ ಬಾರೋ, 1862ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಅರೆನಿಗ್‌ನಷ್ಟು ಮನಸ್ಸಿನಲ್ಲಿ ಅಚ್ಚೊತ್ತಿದ ಬೆಟ್ಟ ಇನ್ನೊಂದಿಲ್ಲ ಎಂಬ ಅರ್ಥದ ಮಾತು ಬರೆದ. ಅವನಿಗೂ ಮೊದಲೇ ಭೂವಿಜ್ಞಾನಿಗಳು ಅಲ್ಲಿಗೆ ಬಂದಿದ್ದರು. ಕೇಂಬ್ರಿಜ್‌ನ ಪ್ರಾಧ್ಯಾಪಕ ಆಡಮ್ ಸೆಜ್‌ವಿಕ್ 1831ರಲ್ಲಿ ಉತ್ತರ ವೇಲ್ಸ್‌ನ ಶಿಲಾಸ್ತರಗಳನ್ನು ಬಿಡಿಸಿ ನೋಡುವ ಕೆಲಸಕ್ಕೆ ಕೈಹಾಕಿದರು. ಮೊದಲ ಕೆಲವು ದಿನ ಅವರ ಜೊತೆ ನಡೆದ ಯುವಕ ಚಾರ್ಲ್ಸ್ ಡಾರ್ವಿನ್; ಬೀಗಲ್ ಹಡಗು ಹೊರಡುವುದಕ್ಕೆ ಆಗ ಕೆಲವೇ ತಿಂಗಳು ಬಾಕಿಯಿತ್ತು.

ಸೆಜ್‌ವಿಕ್ ವೇಲ್ಸ್‌ನ ಹಳೆಯ ಶಿಲೆಗಳನ್ನು ಕೇಂಬ್ರಿಯನ್ ಎಂದು ಕರೆದರೆ, ಅವರ ಗೆಳೆಯ ರೋಡರಿಕ್ ಮರ್ಚಿಸನ್ ದಕ್ಷಿಣದ ಕಡೆಯಿಂದ ಅಧ್ಯಯನ ಮಾಡುತ್ತ ಬಂದು ತಮ್ಮ ಸ್ತರಗಳಿಗೆ ಸೈಲೂರಿಯನ್ ಎಂದು ಹೆಸರಿಟ್ಟರು. ಎರಡೂ ಹೆಸರುಗಳು 1835ರಲ್ಲಿ ಒಟ್ಟಿಗೇ ಬೆಳಕಿಗೆ ಬಂದವು. ಇವೆರಡರ ಗಡಿ ಒಂದರ ಮೇಲೊಂದು ಹಾಯುತ್ತಿತ್ತು. ಆ ನಡುವಿನ ಪದರಗಳು ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಸ್ನೇಹ ಮುರಿದುಬಿತ್ತು. ಇಬ್ಬರೂ ರಾಜಿಯಾಗದೆಯೇ ತೀರಿಕೊಂಡರು. 1879ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ವಿವಾದದ ಪದರಗಳನ್ನೇ ಪ್ರತ್ಯೇಕಿಸಿ ಆರ್ಡೊವಿಶಿಯನ್ ಎಂಬ ಹೊಸ ಯುಗ ಸೂಚಿಸಿದರು. ರೋಮನ್ನರ ಕಾಲದಲ್ಲಿ ಈ ಭಾಗದಲ್ಲಿದ್ದ ಆರ್ಡೊವಿಸೀಸ್ ಬುಡಕಟ್ಟಿನಿಂದ ಬಂದ ಹೆಸರದು. ಆ ಯುಗದ ಆರಂಭಿಕ ಘಟ್ಟವೊಂದಕ್ಕೆ ಸೆಜ್‌ವಿಕ್ ಇಟ್ಟಿದ್ದ ಅರೆನಿಗ್ ಎಂಬ ಹೆಸರು ಬ್ರಿಟನ್ನಿನ ಸ್ತರವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಕಾರಿದ ಬೂದಿ ಗಟ್ಟಿಗೊಂಡು ಆದ ಬೆಟ್ಟ, ಪಠ್ಯಪುಸ್ತಕಗಳ ಮೂಲಕ ಖಂಡಾಂತರಗಳಿಗೆ ಪರಿಚಯವಾಯಿತು.

ಮುಂದೆ ಬಂದವರು ಚಿತ್ರಕಾರರು. ಲನೆಲಿಯಲ್ಲಿ 1887ರಲ್ಲಿ ಹುಟ್ಟಿದ ಜೇಮ್ಸ್ ಡಿಕ್ಸನ್ ಇನ್ನೆಸ್ ಕ್ಷಯರೋಗಿ. 1910ರಲ್ಲಿ ಅರೆನಿಗ್ ಕಂಡವನೇ ಅದಕ್ಕೆ ಮರುಳಾದ. ಮರುವರ್ಷ ಆಗಲೇ ಪ್ರಸಿದ್ಧನಾಗಿದ್ದ ಆಗಸ್ಟಸ್ ಜಾನ್‌ನನ್ನು ಕರೆತಂದ. ಇಬ್ಬರೂ ನಾಂಟ್ ದೀ ಎಂಬ ಮನೆಯನ್ನು ಬಾಡಿಗೆಗೆ ಹಿಡಿದು, ಸಣ್ಣ ಮರದ ಹಲಗೆಗಳ ಮೇಲೆ ಬೇಗಬೇಗನೆ ಬಣ್ಣ ಹಚ್ಚಿದರು. ಆಸ್ಟ್ರೇಲಿಯಾದ ಡರ್ವೆಂಟ್ ಲೀಸ್ ಕೂಡ ಇವರನ್ನು ಸೇರಿಕೊಂಡ. ನೇರಳೆ, ಕಡುನೀಲಿ, ಕಿತ್ತಳೆ ಬಣ್ಣಗಳಲ್ಲಿ ಇನ್ನೆಸ್ ಮತ್ತೆ ಮತ್ತೆ ಬರೆದದ್ದು ಅದೇ ಬೆಟ್ಟವನ್ನು. ತಾನು ಪ್ರೀತಿಸಿದ ಯೂಫೀಮಿಯಾ ಲ್ಯಾಂಬ್‌ಳ ಪತ್ರಗಳನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಅವನು ಶಿಖರದಲ್ಲಿ ಹೂತನೆಂಬ ಮಾತಿದೆ. 1914ರ ಆಗಸ್ಟ್‌ನಲ್ಲಿ, 27ನೇ ವಯಸ್ಸಿಗೆ ತೀರಿಕೊಂಡ. ಬ್ರಿಟಿಷ್ ಭೂದೃಶ್ಯ ಕಲೆಯಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಒಂದೇ ಬೆಟ್ಟಕ್ಕೆ ಇಷ್ಟು ತೀವ್ರವಾಗಿ ಒಪ್ಪಿಸಿಕೊಂಡವರು ವಿರಳ ಎಂಬುದು ನನ್ನ ಅಭಿಪ್ರಾಯ. ಆದರೂ ಆ ಹಲಗೆಗಳಲ್ಲಿ ಕುರಿ ಮೇಯಿಸುವವರನ್ನಾಗಲಿ, ಹುಲ್ಲು ಕೊಯ್ಯುವವರನ್ನಾಗಲಿ ಹುಡುಕಿದರೆ ನಿರಾಶೆಯೇ ಗತಿ.

ಅದೇ ಕಣಿವೆಯಲ್ಲಿ ರೈಲು ಓಡುತ್ತಿತ್ತು: ಬಾಲಾದಿಂದ ಫೆಸ್ಟಿನಿಯೋಗ್‌ಗೆ 1882ರಲ್ಲಿ ತೆರೆದ ಮಾರ್ಗ. ಅರೆನಿಗ್ ಹೆಸರಿನ ನಿಲ್ದಾಣವಿತ್ತು, ಅದರ ಪಕ್ಕದಲ್ಲೇ ಕಲ್ಲುಗಣಿ. ಎರಡನೇ ಮಹಾಯುದ್ಧದಲ್ಲಿ, 1943ರ ಆಗಸ್ಟ್ 4ರಂದು, ತರಬೇತಿ ಹಾರಾಟದಲ್ಲಿದ್ದ ಅಮೆರಿಕದ ಬಿ-17 ಬಾಂಬರ್ ವಿಮಾನ ಪರ್ವತಕ್ಕೆ ಅಪ್ಪಳಿಸಿ ಎಂಟು ಮಂದಿ ಸತ್ತರು. ಅವರ ಸ್ಮಾರಕಫಲಕ ಶಿಖರದಲ್ಲಿದೆ.

ಕಣಿವೆಯ ಜನ ಅಧಿಕೃತ ಕಡತಗಳಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಅವರನ್ನು ಎಬ್ಬಿಸುವ ಹೊತ್ತಿಗೆ. ಲಿವರ್‌ಪೂಲ್ ನಗರಸಭೆ ತನ್ನ ನೀರಿಗಾಗಿ ಟ್ರವೆರಿನ್‌ಗೆ ಅಣೆಕಟ್ಟು ಕಟ್ಟಲು ಹೊರಟಿತು. ಮುಳುಗಬೇಕಾಗಿದ್ದ ಕಪೆಲ್ ಕೆಲಿನ್ ಪೂರ್ತಿ ವೆಲ್ಷ್ ಮಾತನಾಡುವ ಊರು. ಪ್ರಾರ್ಥನಾಮಂದಿರ, ಶಾಲೆ, ಅಂಚೆಕಚೇರಿ, ಸುತ್ತ ಹೊಲಮನೆಗಳು. ಹಾವೊಡ್ ವಾಡೊಗ್ ಎಂಬ ಹೊಲಮನೆಯಲ್ಲಿ ಹಿಂದೆ ಕ್ವೇಕರ್ ಪಂಥದವರು ಸಭೆ ಸೇರುತ್ತಿದ್ದರು. ಆ ಪಂಥದ ಅನೇಕರು ಬಾಲಾ ಸುತ್ತಲಿನಿಂದ 17ನೇ ಶತಮಾನದ ಕೊನೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದವರು.

1956ರ ನವೆಂಬರ್ 21ರಂದು ಊರಿನವರು ಲಿವರ್‌ಪೂಲ್ ಬೀದಿಗಳಲ್ಲಿ ಮೆರವಣಿಗೆ ನಡೆಸಿ ತಮ್ಮ ಮನೆಗಳನ್ನು ಉಳಿಸಬೇಕೆಂದು ಕೇಳಿಕೊಂಡರು. ನಗರಸಭೆಯಾದರೋ ಸಂಸತ್ತಿನಲ್ಲಿ ಖಾಸಗಿ ಮಸೂದೆ ತಂದು, ವೇಲ್ಸ್‌ನ ಸ್ಥಳೀಯ ಯೋಜನಾ ಪ್ರಾಧಿಕಾರಗಳ ಒಪ್ಪಿಗೆಯ ಅಗತ್ಯವನ್ನೇ ದಾಟಿಕೊಂಡಿತು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಆದರೂ 1957ರಲ್ಲಿ ಕಾಯಿದೆಯಾಯಿತು. ಒಂದು ದೇಶದ ಪ್ರತಿನಿಧಿಗಳೆಲ್ಲರ ಅಸಮ್ಮತಿಗೆ ಕವಡೆಯ ಬೆಲೆಯೂ ಸಿಗಲಿಲ್ಲವೆಂಬುದು ಈ ಪ್ರಕರಣದ ತಿರುಳು. ಮುಳುಗಿದ ಎಕರೆಗಳ ಲೆಕ್ಕ ಆಮೇಲಿನದು.

ಆರ್ಡೊವಿಶಿಯನ್ ಯುಗಕ್ಕೆ ಅಂತಾರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನ ಮನ್ನಣೆ ಕೊಟ್ಟದ್ದು 1960ರಲ್ಲಿ. ಅದೇ ವರ್ಷದ ಜನವರಿಯಲ್ಲಿ, ಹಳಿಯ ಒಂದು ಭಾಗ ಮುಳುಗಡೆಗೆ ಸೇರಿದ್ದರಿಂದ, ಅರೆನಿಗ್‌ಗೆ ಬರುತ್ತಿದ್ದ ಪ್ರಯಾಣಿಕರ ರೈಲು ನಿಂತಿತು. ಕಾಮಗಾರಿಯ ವಿರುದ್ಧ ಕೋಪ ಸ್ಫೋಟಕದ ರೂಪವನ್ನೂ ತಾಳಿತು: 1963ರ ಫೆಬ್ರವರಿಯಲ್ಲಿ ಅಣೆಕಟ್ಟಿನ ಬಳಿಯ ವಿದ್ಯುತ್ ಪರಿವರ್ತಕವನ್ನು ಸಿಡಿಸಲಾಯಿತು. ಸ್ಮಶಾನದ ಕೆಲವರ ಅವಶೇಷಗಳನ್ನು ಬೇರೆಡೆಗೆ ಒಯ್ದರು, ಉಳಿದವರ ಮೇಲೆ ಕಾಂಕ್ರೀಟು ಹಾಸಿದರು. 1965ರ ಅಕ್ಟೋಬರ್ 21ರಂದು ಪ್ರತಿಭಟನೆಯ ಗದ್ದಲದ ನಡುವೆ ಲಿನ್ ಕೆಲಿನ್ ಜಲಾಶಯದ ಉದ್ಘಾಟನೆ ನಡೆಯಿತು. ಸುಮಾರು 800 ಎಕರೆ ನೀರಿನಡಿ ಸೇರಿತ್ತು. ಕಣಿವೆಯ 67 ಮಂದಿಯಲ್ಲಿ 48 ಮಂದಿ ಮನೆ ಕಳೆದುಕೊಂಡಿದ್ದರು.

ಮರುವರ್ಷ ಗ್ವಿನ್‌ವೋರ್ ಇವಾನ್ಸ್ ಉಪಚುನಾವಣೆಯಲ್ಲಿ ಗೆದ್ದು ವೇಲ್ಸ್ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಯ ಮೊದಲ ಸಂಸದರಾದರು. ಈ ಗೆಲುವಿಗೆ ಟ್ರವೆರಿನ್ ಒಂದೇ ಕಾರಣವೆನ್ನಲಾಗದು, ಆದರೆ ಅದನ್ನು ಬಿಟ್ಟು ಆ ದಶಕದ ವೇಲ್ಸ್ ರಾಜಕೀಯವನ್ನು ವಿವರಿಸುವುದೂ ಕಷ್ಟ. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ. ಅಷ್ಟರಲ್ಲಿ ಕಣಿವೆಯ ನೆನಪು ಬೇರೆಡೆಗೆ ನೆಲೆ ಕಂಡುಕೊಂಡಿತ್ತು. 1960ರ ದಶಕದ ಆರಂಭದಲ್ಲಿ, ಪಶ್ಚಿಮ ಕರಾವಳಿಯ ಲನ್‌ರಸ್ಟಿಡ್ ಬಳಿಯ ಪಾಳುಮನೆಯ ಗೋಡೆಯ ಮೇಲೆ ಮೈಕ್ ಸ್ಟೀಫನ್ಸ್ ಎಂಬ ಯುವ ಲೇಖಕ, ಟ್ರವೆರಿನ್ ಅನ್ನು ನೆನಪಿಡಿ ಎಂದು ವೆಲ್ಷ್‌ನಲ್ಲಿ ದೊಡ್ಡದಾಗಿ ಬರೆದಿದ್ದರು. 2019ರಲ್ಲಿ ಆ ಗೋಡೆಯ ಒಂದು ಭಾಗವನ್ನು ಯಾರೋ ಕೆಡವಿದಾಗ ಜನ ಅದನ್ನು ಮತ್ತೆ ಕಟ್ಟಿದರು. ವೇಲ್ಸ್‌ನ ಊರೂರುಗಳ ಗೋಡೆಗಳ ಮೇಲೆ ಅದೇ ಎರಡು ಪದ ಕಾಣಿಸಿಕೊಂಡವು.