ಹೊಸ್ತಿಲಿನ ಆಚೆ ಕೂತವರು

ಜಪಾನಿನ ಯಸುಜಿರೊ ಓಜು 1951ರಲ್ಲಿ ‘ಅರ್ಲಿ ಸಮ್ಮರ್’ ಅಂತ ಒಂದು ಸಿನಿಮಾ ಮಾಡಿದರು. ಅದರಲ್ಲಿ ನಾಲ್ಕು ಜನ ಶಾಲಾ ಗೆಳತಿಯರು. ಇಬ್ಬರಿಗೆ ಮದುವೆಯಾಗಿದೆ, ಇಬ್ಬರಿಗೆ ಇಲ್ಲ. ಒಂದು ದಿನ ಸೇರೋಣ ಅಂತ ಮಾತಾಗಿರುತ್ತೆ, ಮದುವೆಯಾದವರು ಬರೋದೇ ಇಲ್ಲ. (ನಮ್ಮ ವಾಟ್ಸಾಪ್ ಗ್ರೂಪಿನ ‘ಮುಂದಿನ ಭಾನುವಾರ ಪಕ್ಕಾ’ ನೆನಪಾಯ್ತಾ?) ಉಳಿದಿಬ್ಬರು ಹಿಂದೆ ಎಷ್ಟು ಹತ್ತಿರ ಇದ್ವಿ ಅಂತ ಮಾತಾಡಿಕೊಳ್ತಾರೆ. ಜಗಳ ಇಲ್ಲ, ಗೋಳಾಟ ಇಲ್ಲ. ಯುದ್ಧ ಮುಗಿದು ಆರು ವರ್ಷವಾಗಿದೆ, ನಾಯಕಿ ನೊರಿಕೊಳ ಅಣ್ಣ ಯುದ್ಧದಿಂದ ವಾಪಸ್ ಬಂದಿಲ್ಲ. ಅದರ ಬಗ್ಗೆಯೂ ಯಾರೂ ಹೆಚ್ಚು ಮಾತಾಡಲ್ಲ.

ಓಜು ಸಿನಿಮಾಗಳ ಸರಳತೆಯನ್ನ ಮೆಚ್ಚಿದ ನಮ್ಮ ನಿರ್ದೇಶಕರು ಗಿರೀಶ್ ಕಾಸರವಳ್ಳಿ. ಗೆಳೆತನ ಸದ್ದಿಲ್ಲದೆ ಸವೆಯೋದನ್ನ ಕನ್ನಡದಲ್ಲಿ ನೋಡಬೇಕಂದ್ರೆ ಅವರ 2008ರ ‘ಗುಲಾಬಿ ಟಾಕೀಸ್’ ನೋಡಿ. ವೈದೇಹಿಯವರ ಕಥೆ ಆಧರಿಸಿದ್ದು. ಕುಂದಾಪುರದ ಕಡೆಯ ಮೀನುಗಾರರ ಊರು, 1990ರ ದಶಕದ ಕೊನೆ. ಗಂಡ ಬಿಟ್ಟುಹೋದ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಕಷ್ಟದ ಹೆರಿಗೆಯೊಂದನ್ನ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಕಲರ್ ಟಿವಿ ಸಿಗುತ್ತೆ. ಗಂಡಸರು ಕಡಲಿಗೆ ಹೋದಾಗ ಹೆಂಗಸರೆಲ್ಲ ಅವಳ ಮನೆಯಲ್ಲಿ! ಗುಲಾಬಿ ಮುಸ್ಲಿಂ ಅನ್ನೋ ಕಾರಣಕ್ಕೆ ಕೆಲವರು ಮಾತ್ರ ಒಳಗೆ ಕಾಲಿಡದೆ ಹೊರಗಿಂದಲೇ ನೋಡ್ತಾರೆ. ಆಮೇಲೆ ಅದೇ ಟಿವಿಯಲ್ಲಿ 1999ರ ಕಾರ್ಗಿಲ್ ಯುದ್ಧ ಬರುತ್ತೆ. ಕಡಲಲ್ಲಿ ಟ್ರಾಲರ್‌ಗಳಿಗೂ ಸಣ್ಣ ದೋಣಿಯವರಿಗೂ ತಿಕ್ಕಾಟ ಶುರುವಾಗಿರುತ್ತೆ, ಅದಕ್ಕೂ ಧರ್ಮದ ಬಣ್ಣ ಮೆತ್ತಿಕೊಳ್ಳುತ್ತೆ. ಗೆಳತಿ ನೇತ್ರು ಊರಿಂದ ಕಾಣೆಯಾದಾಗ ತಪ್ಪು ಬೀಳೋದು ಗುಲಾಬಿಯ ಮೇಲೆ. ಈ ಪಾತ್ರಕ್ಕೆ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು.

ಯುದ್ಧ ಅವರನ್ನ ಬೇರೆ ಮಾಡ್ತು ಅನ್ನೋದು ಸುಲಭ. ನನಗೆ ಹಾಗನ್ನಿಸಲ್ಲ. ಬಿರುಕು ಆ ಹೊಸ್ತಿಲಲ್ಲಿ ಮೊದಲೇ ಇತ್ತು. ಯುದ್ಧ ಅದರೊಳಗೆ ನೀರು ಹರಿಸಿತು, ಅಷ್ಟೆ.

ಇದು ಕರಾವಳಿಯ ಕಥೆ ಮಾತ್ರ ಅಲ್ಲ. ಕೆ.ಆರ್.ಪೇಟೆ ಪಕ್ಕದ ನಮ್ಮ ಹೊಸಹೊಳಲನ್ನೇ ತಗೊಳ್ಳಿ. ಇಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ. ಯುನೆಸ್ಕೊ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದಷ್ಟು ಜನ ಇಲ್ಲಿಗೆ ಬರಲ್ಲ. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆಗಳ ಸಾಲು, ಅದರ ಮೇಲೆ ರಾಮಾಯಣ, ಮಹಾಭಾರತ. ಸುತ್ತು ಹಾಕ್ತಾ ನೋಡಿದ್ರೆ ಕಥೆ ಸಾಗುತ್ತೆ, ಥೇಟ್ ಸಿನಿಮಾ ರೀಲು. 1987ರ ಜನವರಿಯಲ್ಲಿ ಅದೇ ರಾಮಾಯಣ ದೂರದರ್ಶನದಲ್ಲಿ ಬಂತು. ಆಗ ಹಳ್ಳಿಗಳಲ್ಲಿ ಬೀದಿಗೊಂದು ಟಿವಿ ಇದ್ರೆ ಹೆಚ್ಚು. ಭಾನುವಾರ ಬೆಳಿಗ್ಗೆ ಇಡೀ ಬೀದಿ ಒಂದೇ ನಡುಮನೆಯಲ್ಲಿ ಕೂರ್ತಿತ್ತು ಅಂತ ಹಿರಿಯರು ಖುಷಿಯಿಂದ ಹೇಳ್ತಾರೆ.

ಇಡೀ ಬೀದಿ? ಕೆದಕಿ ಕೇಳಿದ್ರೆ ಲೆಕ್ಕ ಬದಲಾಗುತ್ತೆ. ಕೆಲವರು ಚಾಪೆ ಮೇಲೆ, ಕೆಲವರು ಜಗಲಿಯಲ್ಲಿ, ಇನ್ನು ಕೆಲವರು ಕಿಟಕಿಯ ಸರಳು ಹಿಡಿದು ನಿಂತು. ಯಾರು ಎಲ್ಲಿ ಅನ್ನೋದನ್ನ ಜಾತಿ ಮೊದಲೇ ತೀರ್ಮಾನ ಮಾಡಿತ್ತು. ಆಮೇಲೆ ಮನೆಮನೆಗೂ ಟಿವಿ ಬಂತು, ಕೇಬಲ್ ಬಂತು. ಸೇರೋದು ನಿಂತುಹೋಯ್ತು, ಯಾರೂ ಜಗಳ ಆಡಲಿಲ್ಲ.

ಆ ಭಾನುವಾರಗಳನ್ನ ಕಳಕೊಂಡೆವು ಅಂತ ಚಾಪೆ ಮೇಲೆ ಕೂತವರು ಇವತ್ತಿಗೂ ಹೇಳ್ತಾರೆ. ಕಿಟಕಿ ಹತ್ರ ನಿಂತಿದ್ದವರು ಸಾಲ ಮಾಡಿಯಾದ್ರೂ ಮೊದಲು ತಂದಿದ್ದು ಟಿವಿಯನ್ನೇ.