ಔಟ್‌ಹೌಸಿನ ಬೆಂಗಳೂರು

"ಯಾವೂರಮ್ಮ? ಯಾವ ಜನ? ಒಬ್ಬಳೇನಾ?"

1983ರ ಜೂನ್ ತಿಂಗಳ ಒಂದು ಭಾನುವಾರ ಮಲ್ಲೇಶ್ವರದ ಮನೆಯೊಂದರ ಗೇಟಿನಲ್ಲಿ ನನ್ನನ್ನು ಹೀಗೆ ಕೇಳಿದರು. ನನಗಾಗ ಇಪ್ಪತ್ತೆರಡು ವರ್ಷ. ಕೈಯಲ್ಲಿ ಬ್ಯಾಂಕಿನ ಕ್ಲರ್ಕ್ ಕೆಲಸದ ಆರ್ಡರು, ಪಕ್ಕದಲ್ಲಿ ಸಾಗರದಿಂದ ರಾತ್ರಿ ಬಸ್ಸಿನಲ್ಲಿ ಜೊತೆಗೆ ಬಂದ ಅಪ್ಪಯ್ಯ. ಆ ದಿನ ನಾವು ಹತ್ತಿದ ಏಳನೆಯ ಮನೆ ಅದು. ಹಿಂದಿನ ಆರು ಮನೆಗಳಲ್ಲೂ ಮಾತು ಮೂರನೆಯ ಪ್ರಶ್ನೆಗೇ ನಿಂತಿತ್ತು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ, "ಮದುವೆ ಆಗೋ ತನಕ ಅಷ್ಟೇ ಅಮ್ಮಾ" ಅಂದರು. ಹಿತ್ತಲಿನ ಔಟ್‌ಹೌಸ್ ಸಿಕ್ಕಿತು. ಬಾಡಿಗೆ ನೂರಾ ಎಪ್ಪತ್ತೈದು ರೂಪಾಯಿ, ಹತ್ತು ತಿಂಗಳ ಅಡ್ವಾನ್ಸು.

ಹೋದ ತಿಂಗಳು ತಮ್ಮನ ಮಗಳು ಫೋನು ಮಾಡಿದಳು. "ಅತ್ತೆ, ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ ಆಯ್ತು. ಎಲ್ಲಿ ರೂಮು ನೋಡ್ಲಿ?" ಒಂದು ಬಡಾವಣೆಯ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಊರಿನ ಯಾವ ಹಳೆಯ ಬಡಾವಣೆಯನ್ನೂ ಒಂಟಿಯಾಗಿ ದುಡಿಯಲು ಬಂದವರಿಗೆಂದು ಕಟ್ಟಿಲ್ಲ. ನಮ್ಮಂಥವರ ಜಾಗ ಯಾವಾಗಲೂ ಮಿಕ್ಕಿದ ಜಾಗವೇ. ಇದನ್ನು ತಿಳಿದು ಹುಡುಕುವವರು ಮನೆಗಿಂತ ಮೊದಲು ಬೀದಿಯನ್ನು ನೋಡುತ್ತಾರೆ.

ಹಳೆಯ ಪೇಟೆಯ ಹೊರಗೆ ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. 1898ರ ಆಗಸ್ಟ್‌ನಲ್ಲಿ ಊರಿಗೆ ಪ್ಲೇಗು ಬಂತು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟಿನಲ್ಲಿ ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದ್ದು ಆ ಭಯದಲ್ಲಿ. ಅಗಲವಾದ ರಸ್ತೆ, ನೇರವಾದ ಕ್ರಾಸುಗಳು, ಮನೆಯ ಸುತ್ತ ಗಾಳಿ ಬೆಳಕು. ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕಿರುದಾರಿ, ಅದೇ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಮಾಡಿದ ದಾರಿ. ಬಸವನಗುಡಿಯ ಯೋಜನೆಯಲ್ಲಿ ನಿವೇಶನದ ಸಾಲುಗಳನ್ನೇ ಸಮುದಾಯವಾರು ವಿಂಗಡಿಸಿದ್ದರು. ಗೇಟಿನಲ್ಲಿ ನನ್ನನ್ನು ಕೇಳಿದ ಎರಡನೆಯ ಪ್ರಶ್ನೆ ಆ ನಕ್ಷೆಯಷ್ಟೇ ಹಳೆಯದು.

ಮುಂಬಾಗಿಲು ನೆಂಟರಿಗೆ, ಹಿಂದಿನ ಗಲ್ಲಿ ತೋಟಿಗಳಿಗೆ. ನಡುವೆ ಹಿತ್ತಲಲ್ಲಿ ಕೊಟ್ಟಿಗೆ, ಸೌದೆಮನೆ, ಆಳುಗಳ ಕೋಣೆ. ಹಸು ಹೋಯಿತು, ಸೌದೆಯ ಒಲೆ ಆರಿತು, ಕೋಣೆಗೆ ಗಾರೆ ಬಳಿದು ಬಾಡಿಗೆಗೆ ಬಿಟ್ಟರು. ನನ್ನ ಸ್ವಂತ ಸಂಬಳದ ಮೊದಲ ಬಾಗಿಲು ತೆರೆದುಕೊಂಡದ್ದು ಆ ಗಲ್ಲಿಯ ಕಡೆಗೇ. ನನಗೆ ಸ್ವಾತಂತ್ರ್ಯ ಕೊಟ್ಟ ಕೋಣೆಯ ಬೆನ್ನಿಗೆ ಇನ್ನೊಬ್ಬರ ಅವಮಾನದ ದಾರಿಯಿತ್ತು ಎಂಬುದನ್ನು ನಾನು ಮರೆತಿಲ್ಲ.

ನನಗಿಂತ ಮೊದಲು ಬಂದ ಒಂಟಿ ಜನರೆಲ್ಲ ಹೆಚ್ಚಾಗಿ ಗಂಡು ಹುಡುಗರು, ಓದಲು ಬಂದವರು. ಅವರಿಗೆ ರೈಲ್ವೆ ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರವಿತ್ತು, ತಮ್ಮ ತಮ್ಮ ಸಮುದಾಯದ ಉಚಿತ ಹಾಸ್ಟೆಲುಗಳಿದ್ದವು. ಎಷ್ಟೋ ಹುಡುಗರು ವಾರಾನ್ನದಿಂದ ಓದಿದರು, ಸೋಮವಾರ ಒಂದು ಮನೆಯ ಊಟ, ಮಂಗಳವಾರ ಇನ್ನೊಂದು ಮನೆಯದು. ಕೆಲಸ ಸಿಕ್ಕಿದವರು ವಠಾರ ಸೇರಿದರು. ನಡುವೆ ಅಂಗಳ, ಸುತ್ತ ಒಂದೋ ಎರಡೋ ಕೋಣೆಯ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಅಡುಗೆ ಬಾರದವರನ್ನು ಸಾಕಿದ್ದು ಹೋಟೆಲುಗಳು. ಎಂಟಿಆರ್ 1924ರದು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು, ಯಾರ ಹಸಿವು ನೋಡಿ ಹುಟ್ಟಿತೆಂಬುದನ್ನು ಅದರ ಹೆಸರೇ ಹೇಳುತ್ತದೆ. ದೋಸೆಕಲ್ಲು ಇದ್ದ ಬೀದಿಯ ಸುತ್ತಲೇ ರೂಮುಗಳು ಹುಟ್ಟಿಕೊಂಡವು.

ಆಮೇಲೆ ಕಾರ್ಖಾನೆಗಳ ಕಾಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಕಾಲೊನಿಗಳು ಎದ್ದವು. ಕ್ವಾರ್ಟರ್ಸ್ ಸಿಗದವರು ಕಾರ್ಖಾನೆಯ ಬಸ್ಸು ನಿಲ್ಲುವ ರಸ್ತೆ ನೋಡಿ ರೂಮು ಹಿಡಿದರು. ಅದೇ ಹೊತ್ತಿಗೆ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. 1976ರಲ್ಲಿ ಬೋರ್ಡಿನ ಜಾಗಕ್ಕೆ ಬಿಡಿಎ ಬಂದರೂ ಲೆಕ್ಕ ಬದಲಾಗಲಿಲ್ಲ. ಮೂವತ್ತು ನಲವತ್ತು, ನಲವತ್ತು ಅರವತ್ತರ ಸೈಟುಗಳು, ಕುಟುಂಬಕ್ಕೊಂದು. ಸಾಲ ಮಾಡಿ ಮನೆ ಕಟ್ಟಿದವರು ಸಾಲ ತೀರಿಸಲೆಂದು ಮಹಡಿಯ ಮೇಲೆ ಒಂದು ರೂಮು ಎಬ್ಬಿಸಿದರು. ಹಿತ್ತಲಿನಲ್ಲಿದ್ದ ನಮ್ಮ ಜಾಗ ಹಾಗೆ ತಾರಸಿಗೆ ಏರಿತು.

ಓನರುಗಳ ಹೆದರಿಕೆಗೂ ಒಂದು ಕಾರಣವಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ಒಮ್ಮೆ ಒಳಗೆ ಬಂದವರನ್ನು ಬಿಡಿಸುವುದು ಸುಲಭವಿರಲಿಲ್ಲ, ವರ್ಷಗಟ್ಟಲೆ ಕೋರ್ಟು ಅಲೆಯಬೇಕಿತ್ತು. ಅದಕ್ಕೇ ವರ್ಗವಾಗಿ ಹೋಗುವ ನೌಕರರೆಂದರೆ ಅವರಿಗೆ ಇಷ್ಟ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಊರೂರಿಂದ ಬಂದ ನಮ್ಮಂಥ ಕ್ಲರ್ಕುಗಳಿಗೆ ಒಂದಿಷ್ಟು ಬೆಲೆ ಬಂದದ್ದು ಈ ಕಾರಣಕ್ಕೆ. ಕರಾರುಪತ್ರ ಹನ್ನೊಂದು ತಿಂಗಳದ್ದು, ಏಕೆಂದರೆ ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ನಮ್ಮ ಬದುಕು ಹನ್ನೊಂದು ಹನ್ನೊಂದು ತಿಂಗಳಿನ ಕಂತಿನಲ್ಲಿ ಸಾಗುತ್ತಿತ್ತು.

ಆ ರೂಮನ್ನು ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ. ಹತ್ತು ಅಡಿ, ಹನ್ನೆರಡು ಅಡಿ. ರೆಡ್ ಆಕ್ಸೈಡ್ ನೆಲ, ಕಾಲಿಟ್ಟರೆ ತಂಪು. ಮೂಲೆಯಲ್ಲಿ ನೂತನ್ ಸ್ಟವ್, ಕಿಟಕಿಯ ಕಂಬಿಗೆ ಕಟ್ಟಿದ ಕನ್ನಡಿ. ರೇಷನ್ ಕಾರ್ಡು ಊರಲ್ಲಿ ಅಪ್ಪಯ್ಯನ ಹೆಸರಿನಲ್ಲಿ, ಹಾಗಾಗಿ ಸೀಮೆಎಣ್ಣೆಗೆ ಹೆಚ್ಚು ದುಡ್ಡು ತೆರಬೇಕು. ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ. ತಿಂಗಳ ಕೊನೆಗೆ ಲೆಕ್ಕ ಕೂಡದಿದ್ದರೆ ಅವೆನ್ಯೂ ರಸ್ತೆಯ ಬ್ರಾಂಚಿನಿಂದ ಬಿಟಿಎಸ್ ಬಸ್ಸು ಹಿಡಿದು ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಸಂಪಿಗೆ ರಸ್ತೆಯಲ್ಲಿ ಇಳಿದ ಮೇಲೆ ಧೈರ್ಯ. ಎಂಟನೇ ಕ್ರಾಸಿನ ಹೂವಿನವರು, ತರಕಾರಿಯವರು ಇನ್ನೂ ದೀಪ ಹಚ್ಚಿಕೊಂಡು ಕೂತಿರುತ್ತಿದ್ದರು.

ರಾತ್ರಿ ಊಟಕ್ಕೆ ಹತ್ತಿರದ ಮೆಸ್ಸಿಗೆ ದಿನಾ ಕ್ಯಾರಿಯರ್ ಒಯ್ಯುತ್ತಿದ್ದೆ. ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ಮಲಗಿದೆ. ಮುಂದಿನ ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದರು. ಎದ್ದು ನೀರು ಕುಡಿಯಲೂ ಆಗದ ಮೂರನೆಯ ಸಂಜೆ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಮೆಸ್ಸಿನ ಹುಡುಗ. "ಎರಡು ದಿನದಿಂದ ಕ್ಯಾರಿಯರ್ ಬಂದಿಲ್ಲ, ಹೋಗಿ ನೋಡ್ಕೊಂಡು ಬಾ ಅಂದ್ರು ಅಮ್ಮ." ಅವನ ಕೈಯಲ್ಲಿ ಬಿಸಿ ಸಾರು, ಮೆತ್ತಗಿನ ಅನ್ನ. ಬೀದಿಯನ್ನು ನೋಡಿ ರೂಮು ಹಿಡಿಯಬೇಕು ಎಂಬ ಪಾಠ ಕಲಿತದ್ದು ಆ ಸಂಜೆ. ಮದುವೆ ಆಗಲಿಲ್ಲ. ಆ ಕೋಣೆಯಲ್ಲೇ ಒಂಬತ್ತು ವರ್ಷ ಇದ್ದೆ.

ಅಷ್ಟರಲ್ಲಿ ಊರಿನ ದುಡಿಮೆ ದಿಕ್ಕು ಬದಲಿಸಿತ್ತು. ಕಿಯೋನಿಕ್ಸ್ 1978ರಲ್ಲೇ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಮಾಡಿತ್ತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ತೊಂಬತ್ತರ ದಶಕದಿಂದ ಮಡಿವಾಳ, ತಾವರೆಕೆರೆ, ಬಿಟಿಎಂ, ಕೋರಮಂಗಲಗಳಲ್ಲಿ ಪಿಜಿಗಳು ಸಾಲುಗಟ್ಟಿದವು. ಒಂಟಿ ಜನರಿಗೆಂದೇ ಕಟ್ಟಡಗಳು ಎದ್ದದ್ದು ಆಗ. ಆದರೆ ಒಂದು ರೂಮಿಗೆ ಮೂರು ಮಂಚ, ಕಿಟಕಿ ತೆರೆದರೆ ಪಕ್ಕದ ಗೋಡೆ. ಊಟವಿದೆ, ವೈಫೈ ಇದೆ. ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟುವವರು ಇದ್ದಾರೆಯೇ ಎಂದು ಯಾವ ಬೋರ್ಡೂ ಹೇಳುವುದಿಲ್ಲ. ಕೆಲಸಕ್ಕೆ ಹತ್ತಿರವೆಂದು ಅಲ್ಲಿ ಸೇರಿದವರ ಎಷ್ಟು ಸಂಜೆಗಳನ್ನು ಸಿಲ್ಕ್ ಬೋರ್ಡಿನ ಸಿಗ್ನಲ್ ನುಂಗಿದೆಯೋ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ಶುರುವಾಯಿತು. ಹತ್ತೊಂಬತ್ತು ಕಿಲೋಮೀಟರು, ಹದಿನಾರು ನಿಲ್ದಾಣ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ. ಕಾರ್ಖಾನೆಯ ಬಸ್ಸು ಅಂದಿನವರಿಗೆ ಏನು ಮಾಡಿತ್ತೋ ಇದು ತಮ್ಮನ ಮಗಳಿಗೆ ಅದನ್ನು ಮಾಡಬಲ್ಲದು. ಕೆಲಸ ಹೊಸ ಊರಿನಲ್ಲಿ, ಬದುಕು ಹಳೆಯ ಬೀದಿಯಲ್ಲಿ. ಅವಳಿಗೆ ನಾನು ಹೇಳಿದ್ದು ಇಷ್ಟು. ನಿಲ್ದಾಣದಿಂದ ಗೇಟಿನವರೆಗೆ ರಾತ್ರಿ ಹೊತ್ತು ಒಮ್ಮೆ ನಡೆದು ನೋಡು. ಒಂಬತ್ತೂವರೆಗೆ ಬಿಸಿ ಊಟ ಕೊಡುವ ಜಾಗ ಎಷ್ಟು ಹೆಜ್ಜೆ ದೂರ ಎಣಿಸು. ಬಾಗಿಲಿನ ಕೀ ನಿನ್ನ ಕೈಯಲ್ಲಿರಲಿ. ನಿನ್ನ ಮುಖದ ಗುರುತು ಹಿಡಿಯುವ ಒಂದು ಅಂಗಡಿ ಬೀದಿಯಲ್ಲಿರಲಿ.

ಮೊನ್ನೆ ಭಾನುವಾರ ಜಯನಗರದಲ್ಲಿ ಮಹಡಿ ಮೇಲಿನ ಒಂದು ರೂಮು ನೋಡಲು ಇಬ್ಬರೂ ಹೋದೆವು. ಓನರು ವಯಸ್ಸಾದವರು. ಗೇಟು ತೆರೆದು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದರು, "ಒಬ್ರೇನಾ?" ಅಪ್ಪಯ್ಯನ ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

"ಹೌದು ಸರ್, ಒಬ್ಳೇ" ಅಂದಳು ಅವಳು. "ರಾತ್ರಿ ಹತ್ತರ ಮೇಲೂ ಈ ಬೀದಿ ದೀಪ ಉರಿಯುತ್ತಾ?"