ಮೀನಿಗಿಂತ ಮೊದಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಜನಕ್ಕೆ ಸಮುದ್ರದ ನಂಟು ಅಷ್ಟಕ್ಕಷ್ಟೆ. ನಮಗೆ ಉಪ್ಪುನೀರೆಂದರೆ ಡೋಣಿ ಹೊಳೆ, ಇಲ್ಲವೆ ಸವಳು ಬಾವಿ. ಕಡಲಿನ ಬಣ್ಣದ ಮೀನುಗಳನ್ನು ಜೀವಂತ ಕಂಡೆವೆಂದು ಹೇಳುತ್ತಿದ್ದ ನಮ್ಮ ಹಿರಿಯರು ಕಂಡದ್ದು ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯದಲ್ಲಿ. 1951ರಲ್ಲಿ ಅದು ಬಾಗಿಲು ತೆರೆದಾಗ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತಲ್ಲ!

ಈಗ ಅಂಥ ತೊಟ್ಟಿ ಮನೆಯ ಪಡಸಾಲೆಗೇ ಬಂದಿದೆ. ಇಂಡಿಯಲ್ಲಿ ನನ್ನ ತಂಗಿಯ ಮಗ ಒಂದನ್ನು ಇಟ್ಟ. ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪು ಕಲಸಿದ ನೀರು, ಮರಳು, ಕಲ್ಲು, ಒಂದು ಪಂಪು. ಮೀನು ಮಾತ್ರ ಇಲ್ಲ. ಹೀಗೇ ಐದು ವಾರ ಕಳೆಯಿತು. “ಮೀನಿಲ್ಲದ ನೀರಿಗೆ ಹಗಲೂ ರಾತ್ರಿ ಕರೆಂಟು ಸುಡಾಕತ್ತೀಯಲ್ಲೋ ತಮ್ಮಾ” ಎಂದು ಅವನ ಆಯಿ ಗೊಣಗುತ್ತಿದ್ದಳು. ಹುಡುಗ ಮಾಡುತ್ತಿದ್ದುದು ಸರಿಯಾಗಿಯೇ ಇತ್ತು. ಆದರೆ ಈ ಕಾಯುವಿಕೆಯ ಹಿಂದೆ ಇರುವ ಕಥೆ ಅವನಿಗೂ ಗೊತ್ತಿರಲಿಲ್ಲ.

ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕಿಲ್ಲ, ಗಾಜಿನ ತೊಟ್ಟಿಯಲ್ಲಿ ಅದೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಮರಳಿಗೆ, ಕಲ್ಲಿಗೆ ಅಂಟಿಕೊಂಡು ಬಹಳ ನಿಧಾನವಾಗಿ ಹೆಚ್ಚುತ್ತವೆ. ನಾಲ್ಕರಿಂದ ಆರು ವಾರ ಬೇಕು, ಉಪ್ಪುನೀರಿನಲ್ಲಿ ಇನ್ನೂ ತುಸು ತಡ.

ಮೊದಮೊದಲು ಇದು ಯಾರಿಗೂ ಗೊತ್ತಿರಲಿಲ್ಲ. 1846ರಲ್ಲಿ ಲಂಡನ್ನಿನ ಆನಾ ಥಿನ್ ಎಂಬಾಕೆ ಹವಳದ ಜೀವಿಗಳನ್ನು ಮನೆಗೆ ತಂದಳು. ಕಡಲನೀರಿಗೆ ಗಾಳಿ ಸೇರಲೆಂದು ಮನೆಗೆಲಸದವಳನ್ನು ಕಿಟಕಿಯ ಬಳಿ ನಿಲ್ಲಿಸಿ ನೀರನ್ನು ಹಿಂದೆ ಮುಂದೆ ಸುರಿಸುತ್ತಿದ್ದಳು. (ಆ ಕೆಲಸದವಳ ತೋಳನ್ನು ಯಾವ ಇತಿಹಾಸವೂ ನೆನೆಯುವುದಿಲ್ಲ.) 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞ ತನ್ನ ತೊಟ್ಟಿಯ ವರದಿ ಪ್ರಕಟಿಸಿದ. ಎರಡು ಮೀನು, ನೀರಗಿಡ, ಕೆಲವು ಬಸವನಹುಳು: ಗಿಡ ಪ್ರಾಣವಾಯು ಕೊಡುತ್ತದೆ, ಹುಳು ಕೊಳೆತದ್ದನ್ನು ತಿನ್ನುತ್ತದೆ, ಲೆಕ್ಕ ಸರಿಹೋಯಿತು. 1853ರಲ್ಲಿ ಲಂಡನ್ ಪ್ರಾಣಿ ಸಂಗ್ರಹಾಲಯದಲ್ಲಿ ಮೀನುಮನೆ ತೆರೆದ ಮೇಲಂತೂ ಇದು ಉಳ್ಳವರ ಮನೆಮನೆಯ ಹುಚ್ಚಾಯಿತು. ತೊಟ್ಟಿ ಕೊಳೆತರೆ ಗಿಡ ಸಾಲದೆಂದೋ ಗಾಳಿ ಸಾಲದೆಂದೋ ತಿಳಿದರು. ವಾರಿಂಗ್ಟನ್ 1867ರಲ್ಲಿ ತೀರಿಕೊಂಡ. ತನ್ನ ತೊಟ್ಟಿಯನ್ನು ನಿಜವಾಗಿ ಕಾಯುತ್ತಿದ್ದವರು ಯಾರೆಂಬುದು ಅವನಿಗೆ ತಿಳಿಯಲೇ ಇಲ್ಲ.

ಹತ್ತು ವರ್ಷ ಬಿಟ್ಟು, 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಗಾಜಿನ ಕೊಳವೆಯಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ ದಿನವೂ ಚರಂಡಿ ನೀರು ಹನಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಇಳಿದು ನೈಟ್ರೇಟ್ ಕಾಣಿಸತೊಡಗಿತು. ಕ್ಲೋರೋಫಾರ್ಮ್ ಕೊಟ್ಟರೆ ಕೆಲಸ ನಿಂತಿತು. ಒಂದಿಷ್ಟು ತೋಟದ ಮಣ್ಣು ಕದಡಿದ ನೀರು ಹಾಕಿದರೆ ಮತ್ತೆ ಶುರುವಾಯಿತು. ಹಾಗಾದರೆ ಇದು ಬರೀ ರಸಾಯನವಲ್ಲ, ಜೀವಿಗಳ ಕೆಲಸ! ಇಂಡಿಯ ಪಡಸಾಲೆಯ ಖಾಲಿ ತೊಟ್ಟಿಯ ಮುತ್ತಜ್ಜ ಈ ಕೊಳವೆಯೇ ಎನ್ನಬೇಕು.

ಇದನ್ನು ಮುಂದುವರಿಸಿದವರಲ್ಲಿ ಒಬ್ಬ, ಆ ವಾರಿಂಗ್ಟನ್ನನ ಮಗ. ಅವನ ಹೆಸರೂ ರಾಬರ್ಟೇ. ಅವನ ಚಿಂತೆ ಮೀನಿನದಲ್ಲ, ಹೊಲದ್ದು. ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಮೇಲೆ ವರ್ಷಗಟ್ಟಲೆ ದುಡಿದು, ಈ ಕೆಲಸಕ್ಕೆ ಎರಡು ಹಂತ, ಎರಡು ಬೇರೆ ಜೀವಿಗಳು ಎಂದು ತೋರಿಸಿದ. ಆದರೆ ಅವನ್ನು ಬೇರ್ಪಡಿಸುವುದು ಅವನ ಕೈಗೆ ಎಟುಕಲಿಲ್ಲ. ಅದನ್ನು 1890ರಲ್ಲಿ ಜೂರಿಕ್‌ನಲ್ಲಿದ್ದ ರಷ್ಯದ ವಿನೋಗ್ರಾಡ್‌ಸ್ಕಿ ಮಾಡಿದ. ಎಲ್ಲರೂ ಆ ಜೀವಿಗಳಿಗೆ ಮೃಷ್ಟಾನ್ನ ಬಡಿಸಿ ಸೋತಿದ್ದರು. ಅವನು ಸಾವಯವ ಆಹಾರವನ್ನೇ ಕೊಡದೆ ಬೆಳೆಸಿದ.

ಕೊಳವೆಯ ಮಣ್ಣೂ ರಾಥಮ್‌ಸ್ಟೆಡ್ಡಿನ ಮಣ್ಣೂ ಹೇಳಿದ ಮಾತು ನಮ್ಮ ಸೀಮೆಯ ಒಕ್ಕಲಿಗನಿಗೆ ಹೊಸದೇನಲ್ಲ. ಇಂಡಿಯ ಲಿಂಬೆ ತೋಟಕ್ಕೆ ಹಸಿ ಸಗಣಿ ಸುರಿದರೆ ಗಿಡ ಸುಡುತ್ತದೆಂದು ಅವನಿಗೆ ಗೊತ್ತು. ತಿಪ್ಪೆಯಲ್ಲಿ ಹಾಕಿ, ಕಾದು, ಕಳಿತ ಮೇಲೆಯೇ ಚಕ್ಕಡಿ ಹೂಡುತ್ತಾನೆ. ತಿಪ್ಪೆಯಲ್ಲೂ ಹೊಲದಲ್ಲೂ ದುಡಿಯುವವು ಇದೇ ಕುಲದ ಜೀವಿಗಳು. ವಿಜಾಪುರದ ಮಲಿಕ್-ಎ-ಮೈದಾನ್ ತೋಪಿಗೆ ಬೇಕಾದ ಮದ್ದಿನಲ್ಲಿ ಮುಕ್ಕಾಲುಪಾಲಿನಷ್ಟು ಇರುವ ಪೆಟ್ಲುಪ್ಪೂ ನೈಟ್ರೇಟೇ. ಅದನ್ನು ಹಿಂದಿನವರು ದನ ಕಟ್ಟಿದ ನೆಲದ ಮಣ್ಣು ತೊಳೆದು ತೆಗೆಯುತ್ತಿದ್ದರು.

ತೊಟ್ಟಿ ಇಡುವವರಲ್ಲಿ ಬಹುಕಾಲ ಒಂದು ರೂಢಿಯಿತ್ತು. ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಒದಗಿಸಲು ಅಗ್ಗದ, ಗಟ್ಟಿ ಜಾತಿಯ ಒಂದೆರಡು ಮೀನುಗಳನ್ನು ಮೊದಲೇ ಬಿಡುವುದು. ಬದುಕಿದರೆ ಬದುಕಿದವು, ಸತ್ತರೆ ಅಗ್ಗದವಲ್ಲವೆ. ಆ ಮೀನುಗಳ ಲೆಕ್ಕ ಇಟ್ಟವರಿಲ್ಲ. ಹವಳದ ದಿಬ್ಬದಿಂದ ಹಿಡಿದು ತಂದ ಜೀವವನ್ನು ನೀರಿನ ಪರೀಕ್ಷೆಗೆ ಬಲಿ ಕೊಡುವುದು ನನಗಂತೂ ಸೇರದ ಮಾತು. ಈಗ ಅದರ ಅಗತ್ಯವೂ ಇಲ್ಲ. ಅಮೋನಿಯಂ ಕ್ಲೋರೈಡ್ ಸಾಕು. ಅಂದರೆ ನವಸಾಗರ! ತಾಮ್ರದ ಹಂಡೆ, ಕೊಡಗಳಿಗೆ ಕಲಾಯಿ ಹಾಕುವವನು ಕಾದ ಪಾತ್ರೆಗೆ ಉಜ್ಜಿ ಬಿಳಿ ಹೊಗೆ ಎಬ್ಬಿಸುತ್ತಿದ್ದನಲ್ಲ, ಅದೇ. ತೊಟ್ಟಿಗೆ ಮಾತ್ರ ಶುದ್ಧವಾದದ್ದು ಬೇಕು, ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಆಗುವಷ್ಟು. ಹಾಕಿದ ಅಮೋನಿಯಾ ಒಂದು ದಿನದೊಳಗೆ ಮಾಯವಾಗಿ, ನೈಟ್ರೈಟೂ ಸೊನ್ನೆಗೆ ಇಳಿದರೆ ನೀರು ಕಳಿಯಿತು. ಆಗಲೂ ಒಂದೊಂದೇ ಮೀನು ಬಿಡಬೇಕು. ಒಮ್ಮೆಲೇ ಹತ್ತು ಬಿಟ್ಟರೆ ಅಷ್ಟು ಜನಕ್ಕೆ ದುಡಿಯುವ ಬ್ಯಾಕ್ಟೀರಿಯಾ ಅಲ್ಲಿ ಇನ್ನೂ ಹುಟ್ಟಿರುವುದಿಲ್ಲ.